ಕಟ್ಟಿದ ಎಡಗೈ

ಮುದುಕಮ್ಮ ತಮ್ಮ ಗದ್ದೆಪ್ಪನ ಎಡಗೈಯನ್ನು ಮಡಿಲಿನಿಂದ ಎತ್ತಿ ಬಿಸಿಲಿಗೆ ತಿರುಗಿಸಿದಳು. ಮಣಿಕಟ್ಟಿನ ಸುತ್ತ ಬಟ್ಟೆ ಒತ್ತಿದ ಗುರುತು ಕೆಂಪಗೆ ಮೂಡಿತ್ತು. ಹೆಬ್ಬೆರಳಿನಿಂದ ಉಜ್ಜಿದಳು. ಹೋಗಲಿಲ್ಲ.

"ಇದನ್ನ ಯಾರು ಕಟ್ಟಿದ್ರು?"

ಭಜನೆಯವರ ತಾಳ ತಪ್ಪಿ ನಿಂತಿತು. ದೇವದುರ್ಗದ ಬಸ್‌ಸ್ಟ್ಯಾಂಡಿಗೆ ಹೋಗುವ ಆ ಓಣಿಯಲ್ಲಿ ಗದ್ದೆಪ್ಪನ ಮನೆಯ ಮುಂದಿನ ಕೋಣೆಯೇ ಅವನ ಕ್ಷೌರದ ಅಂಗಡಿ. ಅದರ ಕಟ್ಟೆಯ ಮೇಲೆ ಅವನ ಹೆಣವನ್ನು ಗೋಡೆಗೆ ಆನಿಸಿ, ಎದೆಗೊಂದು ಪಟ್ಟಿ ಕಟ್ಟಿ ಕೂಡಿಸಿದ್ದರು. ಇನ್ನೂ ಸ್ನಾನವಾಗಿರಲಿಲ್ಲ. ಗಲ್ಲದ ಮೇಲೆ ಬಿಳಿ ಗಡ್ಡ ಮುಳ್ಳುಮುಳ್ಳಾಗಿ ಎದ್ದಿತ್ತು.

"ಕೇಳಾಕತ್ತೀನಿ. ಲಕ್ವಾ ಹೊಡ್ದು ಇವನ ಬಲಗೈ ಹೋಗಿತ್ತು. ಇದ್ದದ್ದು ಇದೊಂದೇ ಕೈ. ಇದನ್ನೂ ಟೊಂಕಕ್ಕ ಬಿಗಿದಿದ್ರಂತ. ಬೀಳಾಂವ ಏನ್ ಹಿಡ್ಕೋಬೇಕು?"

ಪಕ್ಕದ ಮನೆಯವಳು ಸೆರಗು ಬಾಯಿಗಿಟ್ಟುಕೊಂಡೇ ಅಂದಳು, "ದಿನಾ ಕಟ್ತಿದ್ಲು ಬಿಡಬೇ. ಪರಾತದಾಗ ಶೇಂಗಾ ಸುರದು, ಬಲಗೈಲೇ ಆಯ್ಕೊಂಡು ತಿನ್ನು ಅಂತ ಕೂಡಸ್ತಿದ್ಲು. ಮಂಗ್ಯಾನ್ಹಂಗ. ನೋಡಾಕ ಆಗ್ತಿರಲಿಲ್ಲ."

ಎಲ್ಲರ ಕಣ್ಣೂ ಬಾಗಿಲಲ್ಲಿ ನಿಂತಿದ್ದ ಗದ್ದೆಪ್ಪನ ಸೊಸೆ ಸೌಭಾಗ್ಯಳ ಕಡೆ ತಿರುಗಿದವು. ಅವಳ ಸೀರೆಯ ಸೆರಗಿಗೆ, ತೋಳಿಗೆ ಹಿಟ್ಟು ಮೆತ್ತಿತ್ತು. ಬೆಳಿಗ್ಗೆ ಗಿರಣಿಯಿಂದ ಬರುವಾಗ ಅಂಗಡಿ ಮುಂದೆ ಜನ ಕಂಡು ಡಬ್ಬಿ ಕೈಬಿಟ್ಟಿದ್ದಳು. ಅಲ್ಲಿಂದ ಹಾಗೇ ಮಾವನನ್ನು ಮಲಗಿಸಿದ್ದ ಜೀಪು ಹತ್ತಿ, ಓಣಿಯ ಒಂದಿಬ್ಬರ ಜೊತೆ ರಾಯಚೂರು ದಾರಿ ಹಿಡಿದಿದ್ದಳು. ಗಬ್ಬೂರಿನಲ್ಲಿ ದವಾಖಾನೆಯವರು ನಾಡಿ ನೋಡಿ ತಲೆ ಅಲ್ಲಾಡಿಸಿದ ಮೇಲೆ ಹಾಗೇ ವಾಪಸ್ ಬಂದಿದ್ದಳು.

"ಇವತ್ತು ನಾ ಕಟ್ಟಿಲ್ಲ, ಅತ್ತಿ" ಅಂದಳು.

"ಮತ್ಯಾರು? ತನ್ನ ಕೈ ತಾನೇ ಕಟ್ಕೊಂಡ್ನೇನು, ಸತ್ತ ಕೈಲೆ?"

ಸೌಭಾಗ್ಯ ಬಾಯಿ ತೆರೆದಳು. ಅವಳ ನೋಟ ಒಂದು ಗಳಿಗೆ ಓಣಿಯ ಆಚೆ ಬದಿಗೆ ಹೋಯಿತು. ಅಲ್ಲಿ ಬಾಳೆಹಣ್ಣಿನ ಖಾಲಿ ಬಂಡಿಗೆ ಒರಗಿ ಖಾಸಿಂ ಸಾಬ್ ಕೂತಿದ್ದ. ಚಳಿಗಾಲದ ಮುಂಜಾವಿಗೆ ಸುತ್ತಿಕೊಂಡ ಮಫ್ಲರನ್ನು ಈ ಬಿಸಿಲಲ್ಲೂ ತೆಗೆದಿರಲಿಲ್ಲ. ಕಣ್ಣುಗಳನ್ನು ಬಿಟ್ಟರೆ ಅವನ ಮುಖದಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಸೌಭಾಗ್ಯ ನೋಟ ಹಿಂತೆಗೆದು ಬಾಯಿ ಮುಚ್ಚಿದಳು.

"ಹೇಳೂ ತನಕಾ ಇವನ್ನ ಇಲ್ಲಿಂದ ಎತ್ತಾಕ ಬಿಡಂಗಿಲ್ಲ" ಎಂದು ಮುದುಕಮ್ಮ ತಮ್ಮನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. "ಬೇಕಂದ್ರ ಪೊಲೀಸ್ರು ಬರ್ಲಿ."

ಗದ್ದೆಪ್ಪನ ಮಗ ಜಗದೀಶ ಇದನ್ನೆಲ್ಲ ಕೇಳಿಯೂ ಕೇಳದವನಂತೆ ಫೋನು ಕಿವಿಗಿಟ್ಟುಕೊಂಡು ಓಣಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಕುಣಿ ತೋಡುವವರಿಗೆ ಒಂದು ಫೋನು, ಹೂವಿನವನಿಗೆ ಒಂದು. ಹೆಂಡತಿಯ ಮುಖ ನೋಡಲಿಲ್ಲ.

*

ಎಂಟು ತಿಂಗಳ ಹಿಂದೆ, ಒಬ್ಬ ಗಿರಾಕಿಯ ಮೀಸೆ ಸರಿಮಾಡುವಾಗ ಗದ್ದೆಪ್ಪನ ಕೈಯಿಂದ ಕತ್ತರಿ ಬಿದ್ದಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವನು ಎತ್ತಿಕೊಳ್ಳಲಾಗದೆ ಅದನ್ನೇ ನೋಡುತ್ತ ಕೂತುಬಿಟ್ಟ. ಅಲ್ಲಿಂದ ಮಾತು ಸ್ವಲ್ಪ ತೊದಲಿತು, ಕಾಲು ಸ್ವಲ್ಪ ಎಳೆಯಿತು; ಆ ಎರಡೂ ಬರಬರುತ್ತ ಸುಧಾರಿಸಿದವು. ಬಲಗೈ ಮಾತ್ರ ಮಡಿಲಲ್ಲಿ ಯಾರದೋ ಮಗು ಮಲಗಿದ ಹಾಗೆ ಮಲಗಿಯೇ ಇತ್ತು.

ಆ ಕೈಯ ಮೇಲೆ ಊರಿಗೊಂದು ನಂಬಿಕೆಯಿತ್ತು. ಗದ್ದೆಪ್ಪ ಎರಡೇ ಬೆರಳಲ್ಲಿ ಗಿರಾಕಿಯ ಗದ್ದ ಹಿಡಿದು ಮುಖ ತಿರುಗಿಸುತ್ತಿದ್ದ. ಅರಕೇರಾ ಕಡೆಯಿಂದ ಸಂತೆಗೆ ಬಂದ ರೈತರು ಅವನ ಕುರ್ಚಿಯಲ್ಲಿ ಕತ್ತಿ ಕುತ್ತಿಗೆಯ ಮೇಲಿರುವಾಗಲೇ ನಿದ್ದೆ ಹೋಗುತ್ತಿದ್ದರು. ಅವರನ್ನು ಎಬ್ಬಿಸಲು ಮನಸ್ಸಾಗದೆ ಮುಂದಿನವನಿಗೆ ಸ್ಟೂಲಿನ ಮೇಲೆ ದಾಡಿ ಮಾಡುತ್ತಿದ್ದ. ಹೆಂಡತಿ ಹೋದ ಮೇಲೆ ಮಗನನ್ನು ಬೆಳೆಸಿದ್ದೂ, ಅದೇ ಕಸುಬು ಕಲಿಸಿದ್ದೂ ಆ ಕೈಯೇ. ಜಗದೀಶ ಈಗ ರಾಯಚೂರಿನ ಒಂದು ದೊಡ್ಡ ಸಲೂನಿನಲ್ಲಿ ಕೆಲಸಕ್ಕಿದ್ದ. ಮಂಗಳವಾರ ರಜೆ, ಅಂದು ದೇವದುರ್ಗಕ್ಕೆ ಬಂದು ಅಪ್ಪನ ಅಂಗಡಿ ತೆರೆಯುತ್ತಿದ್ದ.

ರಾಯಚೂರಿಗೆ ಮಾವನನ್ನು ಕರೆದುಕೊಂಡು ಹೋದವಳು ಸೌಭಾಗ್ಯ. ಮಹಡಿಯ ಮೇಲಿನ ಸಣ್ಣ ಕೋಣೆಯಲ್ಲಿ ಲಕ್ವಾ ಹೊಡೆದವರಿಗೆ ಕೈಕಾಲು ಆಡಿಸಲು ಕಲಿಸುವ ಡಾಕ್ಟರಮ್ಮ ಹುಮೇರಾ ಅವನ ಬೆರಳುಗಳನ್ನು ಒಂದೊಂದೇ ಬಿಡಿಸಿ ನೋಡಿದಳು.

"ಯಜಮಾನ್ರ, ನಿಮ್ಮ ಕೈಗೆ ಏನೂ ಆಗಿಲ್ರಿ."

"ಏನೂ ಆಗಿಲ್ಲ?" ಗದ್ದೆಪ್ಪನಿಗೆ ಸಿಟ್ಟು ಬಂತು. "ಮತ್ತ ಯಾಕ ಏಳವಲ್ದು?"

"ಕೈಗೆ ಹುಕುಂ ಕೊಡೋ ಜಾಗ ಇಲ್ಲಿ ಅದರಿ" ಎಂದು ಅವನ ಎಡಗಿವಿಯ ಮೇಲ್ಭಾಗವನ್ನು ಮುಟ್ಟಿದಳು. "ಬಲಗೈಗೆ ಎಡಗಡಿ ತಲಿ. ಅಲ್ಲಿ ಬೆನ್ನಿಗೆ, ತೊಡಿಗೆ ಸಣ್ಣ ಜಾಗ. ಬೆರಳಿಗೆ, ಹೆಬ್ಬೆಟ್ಟಿಗೆ ಬಾಳ ದೊಡ್ಡ ಜಾಗ. ಅದಕ್ಕ ರಗತ ಮುಟ್ಟಲಿಲ್ಲ."

ಗದ್ದೆಪ್ಪ ಎಡಗೈ ಎತ್ತಿ ಅವಳು ಮುಟ್ಟಿದ ಜಾಗವನ್ನು ತಡವಿ ನೋಡಿದ. "ಅಂದ್ರ ಹುಕುಂ ಕೊಡಾಂವ ಸತ್ತಾನ."

"ಅಂವ ಸತ್ತಾನ್ರಿ. ಆದ್ರ ಆಜೂಬಾಜೂದವ್ರು ಬದುಕ್ಯಾರ. ಅವ್ರಿಗೆ ಆ ಕೆಲಸ ಕಲಿಸ್ಬೇಕು. ನೀವು ಎಲ್ಲಾ ಎಡಗೈಲೇ ಮಾಡಿದ್ರ ಅವ್ರಿಗೇನು ಜರೂರಿ, ಯಾಕ ಕಲೀತಾರ? ಮಂಗ್ಯಾಗಳ ಮ್ಯಾಲ ಇದನ್ನ ನೋಡ್ಯಾರ. ಒಂದು ಕೈ ಹೋದ ಮಂಗ್ಯಾ ಆ ಕೈ ಇಲ್ಲಂತ ತಿಳ್ಕೊಂಡು ಬಿಟ್ಬಿಡ್ತದ. ಚೊಲೋ ಕೈ ಕಟ್ಟಿ, ಮುಂದ ತಿನ್ನಾಕ ಇಟ್ರ, ಹಸಿವಿಗೆ ಹೋದ ಕೈ ಚಾಚ್ತದ. ದಿನಾ ಚಾಚಿದ್ರ ತಲ್ಯಾಗ ಜಾಗ ಬದಲಾಗ್ತದ."

"ಎಲ್ಲಾರಿಗೂ ಬರ್ತದೇನ್ರಿ?" ಎಂದು ಕೇಳಿದ್ದು ಸೌಭಾಗ್ಯ.

"ಎಲ್ಲಾರಿಗೂ ಅಂತ ಹೇಳಾಕ ಬರಂಗಿಲ್ಲ. ಇವ್ರ ಬೆರಳಾಗ ಇನ್ನೂ ಸ್ವಲ್ಪ ಚಲನಾ ಅದ, ಅದಕ್ಕ ಹೇಳಾಕತ್ತೀನಿ. ಕುಂತಾಗ ಅಷ್ಟೇ ಕಟ್ರಿ. ನಿಂತಾಗ, ನಡಿಯೋವಾಗ ಬ್ಯಾಡ. ಬಿದ್ರ ಹಿಡ್ಕೊಳ್ಳಾಕ ಅದೊಂದೇ ಕೈ. ಮತ್ತ, ಬ್ಯಾರೇದವ್ರು ಕೈ ಕೆಲಸ ಮಾಡೋದನ್ನ ಕುಂತು ನೋಡ್ರಿ. ನೋಡಿದ್ರೂ ಆ ಜಾಗ ಸ್ವಲ್ಪ ಎಚ್ಚರಾಗ್ತದ."

ಬಸ್ಸಿನಲ್ಲಿ ವಾಪಸ್ ಬರುವಾಗ ಗದ್ದೆಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಗಬ್ಬೂರು ದಾಟಿದ ಮೇಲೆ ಸೊಸೆಯ ಕಡೆ ತಿರುಗಿ, "ಮನಿಯಾಗ ಶೇಂಗಾ ಅದಾವೇನಬೇ?" ಎಂದು ಕೇಳಿದ.

*

ಮಧ್ಯಾಹ್ನವಾಯಿತು. ಹೊರಗಿನಿಂದ ಬಂದವರು ಕೈಮುಗಿದು, ಹೂವಿಟ್ಟು, ಮುದುಕಮ್ಮ ಕೂತ ರೀತಿ ಕಂಡು ಹಿಂದೆ ಸರಿದು, ಗುಂಪುಗುಂಪಾಗಿ ಪಿಸುಗುಡುತ್ತಿದ್ದರು. ಬಸ್ಸಿನ ಹಾರನ್ನಿಗೆ ಎಲ್ಲರೂ ಬೆಚ್ಚಿ ತಲೆ ಎತ್ತುವರು. ಯಾರೋ ಚಹಾ ತಂದರು. ಯಾರೂ ಕುಡಿಯದೆ ಕೆನೆಗಟ್ಟಿತು. ಖಾಸಿಂ ಸಾಬ್ ನಮಾಜಿಗೆಂದು ಎದ್ದು ಹೋದ, ಅರ್ಧ ದಾರಿಯಿಂದ ತಿರುಗಿ ಬಂದ, ಮತ್ತೆ ಹೋದ.

ಸಮಾಜದ ಹಿರಿಯನೊಬ್ಬ ಮುದುಕಮ್ಮನ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

"ಯವ್ವಾ, ಹೊತ್ತು ಮುಳುಗೂದ್ರೊಳಗ ಮಣ್ಣು ಮಾಡ್ಬೇಕು. ಇನ್ನೂ ದಾಡಿ ಆಗಿಲ್ಲ, ನೀರು ಹಾಕಿಲ್ಲ."

"ನಾ ಬ್ಯಾಡ ಅಂದೀನೇನು? ಒಂದು ಮಾತು ಹೇಳ್ಲಿ, ಏಳ್ತೀನಿ." ಮುದುಕಮ್ಮ ಸೊಸೆಯತ್ತ ಬೆರಳು ಮಾಡಿದಳು. "ಮಾನ್ವಿಗೆ ನನ್ನ ಮನಿಗೆ ಕರ್ಕೊಂಡು ಹೋಗ್ತೀನಿ, ನಾ ನೋಡ್ಕೋತೀನಿ ಅಂದೆ. ಕಳಿಸ್ಲಿಲ್ಲ. ಕೈ ಬರ್ತದ, ಕೈ ಬರ್ತದ ಅಂತ ಇಟ್ಕೊಂಡ್ಲು. ನಾ ಇದ್ದಿದ್ರ ತುತ್ತು ಮಾಡಿ ಉಣಿಸ್ತಿದ್ದೆ. ತಾಯಿ ಸತ್ತಾಗಿಂದ ಇವನಿಗೆ ಉಣಿಸಿದಾಕಿ ನಾನು."

ಜಗದೀಶ ಕೊನೆಗೂ ಒಳಗೆ ಬಂದ. ಅಡುಗೆ ಮನೆಯಲ್ಲಿ ಸೌಭಾಗ್ಯ ಗೋಡೆಗೆ ಮುಖ ಮಾಡಿ ನಿಂತಿದ್ದಳು.

"ಯಾರು ಕಟ್ಟಿದ್ರು?"

"ನಾ ಗಿರಣಿಗೆ ಹೋಗಿದ್ದೆ."

"ಅದಲ್ಲ ಕೇಳಿದ್ದು. ನಿನಗ ಗೊತ್ತದ."

"ನಾ ನೋಡಿಲ್ಲ. ನೋಡದ್ದು ಹ್ಯಾಂಗ ಹೇಳ್ಲಿ? ಒಬ್ಬರ ಹೆಸರು ಹೇಳಿದ್ರ ಹೊರಗ ಅಷ್ಟು ಮಂದಿ ಅದಾರ. ಏನಾಗ್ತದ ಅನ್ನೂದು ನಿಮಗ ಗೊತ್ತಿಲ್ಲೇನು?"

"ನಾ ಅವತ್ತೇ ಹೇಳಿದ್ದೆ, ಬಿಟ್ಬಿಡ್ರಿ ಅಂತ" ಎಂದು ಜಗದೀಶ ದನಿ ಏರಿಸಿದ. "ನಾ ದುಡೀತೀನಿ, ಅಪ್ಪ ಕುಂತು ತಿನ್ಲಿ ಅಂದೆ. ನೀವಿಬ್ರೂ ಕೇಳಲಿಲ್ಲ."

"ಹೂಂ, ಅಂದ್ರಿ. ಅವತ್ತ ಮಾವ ರಾತ್ರಿ ಉಣ್ಣಲಿಲ್ಲ."

ಜಗದೀಶ ಮತ್ತೆ ಹೊರಗೆ ಹೋದ. ಆ ಮಂಗಳವಾರ ಅವನಿಗೆ ಚೆನ್ನಾಗಿ ನೆನಪಿತ್ತು. ಅವನು ಗಿರಾಕಿಗೆ ದಾಡಿ ಮಾಡುವಾಗ ಅಪ್ಪ ಮೂಲೆಯ ಸ್ಟೂಲಿನ ಮೇಲೆ ಕೂತು ಅವನ ಕೈಯನ್ನೇ ನೋಡುತ್ತಿದ್ದ. ಮುಖ ನೋಡಲಿಲ್ಲ, ಗಿರಾಕಿಯನ್ನೂ ನೋಡಲಿಲ್ಲ, ಬರೀ ಕೈ. ಆ ನೋಟದಡಿ ಜಗದೀಶನ ಬೆರಳು ಎರಡು ಸಲ ಜಾರಿದವು. "ಏನ್ ನೋಡ್ತೀಯೋ ಯಪ್ಪಾ! ಹೋದದ್ದು ಹೋತು, ಬಿಟ್ಬಿಡು" ಎಂದು ಗಿರಾಕಿಯ ಮುಂದೆಯೇ ಚೀರಿದ್ದ. ಅಪ್ಪ ಎದ್ದು ಕಾಲೆಳೆಯುತ್ತ ಒಳಗೆ ಹೋಗಿದ್ದ.

*

ಶೇಂಗಾ ಮೊದಲ ವಾರ ಒಂದೂ ಏಳಲಿಲ್ಲ. ಬಲಗೈ ಪರಾತವನ್ನೇ ದೂಡುತ್ತಿತ್ತು, ಕಾಳು ಅಂಗಳದ ತುಂಬ ಚೆಲ್ಲುತ್ತಿದ್ದವು. ಗದ್ದೆಪ್ಪ ಸಿಟ್ಟಿಗೆ ಬೈಯುತ್ತಿದ್ದ, ಒಮ್ಮೊಮ್ಮೆ ಅಳುತ್ತಿದ್ದ. "ಬಿಚ್ಚಲೇನ್ರಿ ಮಾವ?" ಎಂದು ಸೌಭಾಗ್ಯ ಕೇಳಿದರೆ, "ಮುಟ್ಟಬ್ಯಾಡ" ಎನ್ನುತ್ತಿದ್ದ. ಓಣಿಯವರು ನಿಂತು ನೋಡುವುದು ಅವಳಿಗೆ ಗೊತ್ತಿತ್ತು. ಬಾಗಿಲು ಹಾಕೋಣವೆಂದರೆ ಅವನು ಒಪ್ಪಲಿಲ್ಲ, ಬೆಳಕು ಬೇಕೆಂದ.

ಒಂದು ದಿನ ಹೆಬ್ಬೆರಳು, ತೋರುಬೆರಳು ಸೇರಿ ಒಂದು ಕಾಳನ್ನು ಹಿಡಿದವು. ಬಾಯಿಯವರೆಗೆ ಬರಲಿಲ್ಲ, ಮೊಣಕಾಲಿನ ಮೇಲೆ ಬಿತ್ತು. ಆದರೂ ಆ ಹೊತ್ತು ಗದ್ದೆಪ್ಪ ಓಣಿಯಲ್ಲಿ ಹೋಗುವವರನ್ನೆಲ್ಲ ಕರೆದು ಹೇಳಿದ.

ಆಮೇಲೆ ಚಮಚ, ಗುಂಡಿ, ಬಾಚಣಿಕೆ. ಮಳೆಗಾಲ ಕಳೆಯುವ ಹೊತ್ತಿಗೆ ಬಲೂನು. ಅವನು ಮಗನಿಗೆ ಕಸುಬು ಕಲಿಸಿದ್ದು ಹಾಗೆಯೇ: ಊದಿದ ಬಲೂನಿಗೆ ಸೋಪಿನ ನೊರೆ ಹಚ್ಚಿ, ಒಡೆಯದಂತೆ ಕತ್ತಿಯಿಂದ ನೊರೆ ತೆಗೆಯಬೇಕು. ಸೌಭಾಗ್ಯ ಬಲೂನು ಊದಿ ಊದಿ ದವಡೆ ನೋಯಿಸಿಕೊಂಡಳು. ಅವು ಒಂದರ ಹಿಂದೊಂದು ಪಟಾರನೆ ಒಡೆದು, ಮಾವ-ಸೊಸೆಯರ ಮುಖಕ್ಕೆಲ್ಲ ನೊರೆ ಸಿಡಿಯುತ್ತಿತ್ತು. ಓಣಿಯವರು ನಕ್ಕರು. ಇವರೂ ನಕ್ಕರು.

ಗಲ್ಲ ಕೊಟ್ಟವನು ಖಾಸಿಂ ಸಾಬ್. ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವ ಅವನು ಮದುವೆಗೆ ಮುಂಚಿನಿಂದಲೂ ಗದ್ದೆಪ್ಪನ ಕುರ್ಚಿ ಬಿಟ್ಟು ಬೇರೆಲ್ಲೂ ಕೂತವನಲ್ಲ. ಗದ್ದೆಪ್ಪನಿಗೆ ಲಕ್ವಾ ಹೊಡೆದ ಮೇಲೆ ಮನೆಯಲ್ಲೇ ಹೇಗೋ ಗಡ್ಡ ಕೆರೆದುಕೊಳ್ಳುತ್ತಿದ್ದ.

"ಬಲೂನಿಗೆ ದಾಡಿ ಮಾಡಿ ಏನ್ ಮಾಡ್ತೀಲೇ? ನನ್ನ ಮಾಡು" ಎಂದು ಕುರ್ಚಿಯಲ್ಲಿ ಕೂತುಬಿಟ್ಟ. ಅಂದು ಕತ್ತಿ ಕಿವಿಯ ಕೆಳಗೆ ಇಳಿಯುವಾಗ ನಡುಗಿ, ಗಲ್ಲ ಉದ್ದಕ್ಕೆ ಸೀಳಿತು. ರಕ್ತ ಅಂಗಿಯ ಕಾಲರಿಗೆ ಇಳಿದದ್ದು ಕಂಡು ಗದ್ದೆಪ್ಪ ಕತ್ತಿಯನ್ನು ನೆಲಕ್ಕೆ ಎಸೆದ. ಸೌಭಾಗ್ಯ ಇಬ್ಬರನ್ನೂ ಬೈದು, ಇನ್ನು ಮನುಷ್ಯರ ಮುಖ ಮುಟ್ಟಿದರೆ ತಾನು ತವರಿಗೆ ಹೋಗುವುದಾಗಿ ಹೇಳಿದಳು.

ಇಬ್ಬರೂ ಶಾಲೆಯ ಹುಡುಗರಂತೆ ತಲೆ ತಗ್ಗಿಸಿ ನಿಂತಿದ್ದರು.

*

ಖಾಸಿಂ ಸಾಬ್ ಮಸೀದಿಯ ಬಾಗಿಲಿನಿಂದಲೇ ತಿರುಗಿ ಬಂದವನು ಈ ಸಲ ಬಂಡಿಯ ಹತ್ತಿರ ಹೋಗಲಿಲ್ಲ. ನೇರವಾಗಿ ಕಟ್ಟೆಯ ಮುಂದೆ ಬಂದು ನಿಂತ. ಅವನ ಹಿಂದೆ ಹೆಂಡತಿ ಹಾಜಿರಾ ಬೀ ಅಂಗಿಯ ತೋಳು ಹಿಡಿದು ಎಳೆಯುತ್ತಿದ್ದಳು. ಅವನು ಬಿಡಿಸಿಕೊಂಡ.

"ಮುದುಕಮ್ಮಕ್ಕ, ಆ ಹೆಣ್ಮಗಳ್ನ ಬಿಟ್ಬಿಡ್ರಿ. ಕಟ್ಟಿದಾಂವ ನಾನು."

ಮಫ್ಲರ್ ಬಿಚ್ಚಿದ. ಗುಂಪಿನಲ್ಲಿ ಒಂದು ಗುಜುಗುಜು ಎದ್ದು ಅಡಗಿತು. ಅವನ ಮುಖದ ಎಡಭಾಗ ನುಣ್ಣಗಿತ್ತು. ಬಲಭಾಗದಲ್ಲಿ ನಾಲ್ಕು ದಿನದ ಗಡ್ಡ, ಅದರ ಮೇಲೆ ಒಣಗಿ ಹಕ್ಕಳೆಯಾದ ಸೋಪಿನ ನೊರೆ.

"ಮುಂಜಾನಿ ಬಂಡಿ ತಗೊಂಡು ಹೊಂಟಿದ್ದೆ. ಕರದ. ಸೌಭಾಗ್ಯ ಗಿರಣಿಗೆ ಹೋಗ್ಯಾಳ, ಲಗೂನ ಬಾ ಅಂದ. ಇವತ್ತು ಕೈ ತಯಾರದ, ನನಗ ಗೊತ್ತಾಗಾಕತ್ತದ ಅಂದ. ಟವೆಲ್ ಕೊಟ್ಟು ಎಡಗೈ ಬಿಗಿ ಅಂದ. ಬ್ಯಾಡಲೇ ಅಂದೆ. ಅದು ಖುಲ್ಲಾ ಇದ್ರ ನಡುವ ಬಂದು ಕೆಡಸ್ತದ ಅಂದ. ಬಿಗಿದೆ. ಕುಂತು ಮಾಡು ಅಂದೆ. ದಾಡಿ ಯಾರರ ಕುಂತು ಮಾಡ್ತಾರೇನೋ ಅಂತ ನನಗಽ ಬೈದ."

ಖಾಸಿಂ ಸಾಬ್ ತನ್ನ ನುಣ್ಣಗಿನ ಗಲ್ಲ ಮುಟ್ಟಿಕೊಂಡ.

"ಈ ಕಡೀದು ಪೂರಾ ಮಾಡಿದ. ಕನ್ನಡ್ಯಾಗ ನೋಡಿ ನಕ್ಕ. ಆ ಕಡಿಗೆ ಬರ್ತೀನಿ ತಡಿ ಅಂತ ಕತ್ತಿ ಕೆಳಗಿಟ್ಟ, ಕುರ್ಚಿ ಸುತ್ತಿ ಬರಾಕ ಹೋದ. ತನ್ನ ತಲಿ ಹಿಡ್ಕೊಬೇಕು ಅಂತ ಮಾಡಿದ ಅನಸ್ತದ. ಕೈ ಕಟ್ಟಿತ್ತಲ್ಲ. ಹಂಗಽ ಬಿದ್ದ. ಬಿಚ್ಚಬೇಕಂದ್ರ ನನ್ನ ಗಂಟು ನನಗಽ ಬಿಚ್ಚಲಿಲ್ಲ. ಓಣ್ಯಾಗ ಹೋಗಾವ್ರು ಬಂದು ಬಿಚ್ಚಿದ್ರು."

ಮುದುಕಮ್ಮ ಎಡಗೈಯ ಗುರುತನ್ನು ಅವನತ್ತ ತಿರುಗಿಸಿದಳು. "ಕೈ ಖುಲ್ಲಾ ಇದ್ದಿದ್ರ ಉಳೀತಿದ್ದನೇನು?"

"ಗೊತ್ತಿಲ್ಲಕ್ಕಾ. ಗಬ್ಬೂರು ಡಾಕ್ಟ್ರು ಇದು ಎರಡನೇ ಲಕ್ವಾ ಇರಬೇಕು, ಅದಕ್ಕಽ ಬಿದ್ದಿರ್ಬೇಕು ಅಂದ್ರು. ಇರಬೇಕು ಅಂದ್ರು, ಅಷ್ಟಽ. ಮುಂಜಾನಿಂದ ಅದನ್ನಽ ಕೇಳ್ಕೊಳ್ಳಾಕತ್ತೀನಿ." ಅವನು ಸೌಭಾಗ್ಯಳ ಕಡೆ ತಿರುಗಿದ. "ಜೀಪಿನ್ಯಾಗ ನೀ ನನ್ನ ಮುಖ ನೋಡಿದ್ಯವ್ವಾ. ಯಾಕ ಹೇಳಲಿಲ್ಲ?"

ಸೌಭಾಗ್ಯ ಬೆಳಿಗ್ಗೆಯಿಂದ ಮೊದಲ ಸಲ ಅಳುತ್ತಿದ್ದಳು.

ಜಗದೀಶ ಜನರನ್ನು ಸರಿಸಿಕೊಂಡು ಬಂದ. ಏನೋ ಜಗಳವಾಗುತ್ತದೆಂದು ಇಬ್ಬರು ಅಡ್ಡ ಬಂದರು. ಅವನು ಖಾಸಿಂ ಸಾಬನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ. ಕೆಳಗಿನಿಂದ ಮೇಲಕ್ಕೆ, ಕೂದಲಿನ ವಿರುದ್ಧ ದಿಕ್ಕಿಗೆ ಬೆರಳಾಡಿಸಿದ. ದವಡೆಯ ಮೂಲೆ, ಕಿವಿಯ ಹಿಂದಿನ ಇಳಿಜಾರು, ತುಟಿಯ ಪಕ್ಕದ ತಗ್ಗು. ಹೊಸಬರ ಕತ್ತಿ ತಡವರಿಸುವ ಜಾಗಗಳವು. ಎಲ್ಲೂ ಒಂದು ಕೂದಲು ಉಳಿದಿರಲಿಲ್ಲ. ಹಳೆಯ ಸೀಳಿನ ಕಲೆಯನ್ನು ಬಿಟ್ಟರೆ ಗೀರೂ ಇರಲಿಲ್ಲ.

"ಬಲಗೈಲೇ?" ಎಂದು ಕೇಳಿದ.

"ಬಲಗೈಲೇ, ಬೇಟಾ."

ಜಗದೀಶ ಕೈ ಇಳಿಸಿದ. ಎಲ್ಲಿ ನೋಡಬೇಕೆಂದು ತಿಳಿಯದೆ ಹೆಂಡತಿಯ ಕಡೆ ನೋಡಿದ. ಅವಳು ತೋಳಿನ ಹಿಟ್ಟು ಮುಖಕ್ಕೆಲ್ಲ ಮೆತ್ತುವಂತೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹತ್ತಿರ ಹೋಗಿ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಏನೋ ಅಂದ. ಅವಳು ತಲೆ ಆಡಿಸಲಿಲ್ಲ, ದೂರವೂ ಸರಿಯಲಿಲ್ಲ.

ಮುದುಕಮ್ಮ ತಮ್ಮನ ಎಡಗೈಯನ್ನು ಮಡಿಲಿಗೆ ಮರಳಿಸಿದಳು. ಆಮೇಲೆ ಬಲಗೈಯನ್ನು ಎತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆಳಿಗ್ಗೆಯಿಂದ ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ.

"ಸೌಭಾಗ್ಯ" ಎಂದು ಕರೆದಳು, ಮುಖ ಎತ್ತದೆ. "ನೀರು ಕಾಸು."

*

ಸಮಾಜದ ಇಬ್ಬರು ತಾವು ದಾಡಿ ಮಾಡುತ್ತೇವೆಂದು ಮುಂದೆ ಬಂದರು. ಜಗದೀಶ ಬೇಡವೆಂದ. ಅಪ್ಪನ ಕತ್ತಿಗೆ ಹೊಸ ಬ್ಲೇಡು ಹಾಕಿದ. ಬ್ರಷ್ಷು ಅದ್ದಿ ನೊರೆ ಹಚ್ಚಿದ. ತಣ್ಣಗಿನ ಚರ್ಮದ ಮೇಲೆ ನೊರೆ ಬೇಗ ಆರತೊಡಗಿತು, ಮತ್ತೆ ಹಚ್ಚಿದ. ದಿನವೂ ರಾಯಚೂರಿನಲ್ಲಿ ಫೋನಿನಲ್ಲಿ ಮಾತಾಡುತ್ತಲೇ ಈ ಕೆಲಸ ಮಾಡುತ್ತಿದ್ದವನು ಈಗ ಎರಡು ಬೆರಳಲ್ಲಿ ಅಪ್ಪನ ಗದ್ದ ಹಿಡಿದು ಸುಮ್ಮನೆ ನಿಂತ. ಕೈ ಅಲ್ಲಿಯವರೆಗೆ ಹೋಗುತ್ತಿತ್ತು, ಗಲ್ಲ ಮುಟ್ಟುವ ಮುನ್ನ ನಿಲ್ಲುತ್ತಿತ್ತು.

"ಅವಸರಿಲ್ಲಪ್ಪ" ಎಂದ ಹಿರಿಯ.

ಓಣಿಯಲ್ಲಿ ಒಂದು ಬಸ್ಸಿನ ಹಾರನ್ ಕೇಳಿ ದೂರವಾಯಿತು. ಜಗದೀಶ ಉಸಿರು ಹಿಡಿದು ಕತ್ತಿ ಇಳಿಸಿದ. ಒಂದು ಗೆರೆ, ಇನ್ನೊಂದು ಗೆರೆ. ನೊರೆಯ ಕೆಳಗಿನಿಂದ ಅಪ್ಪನ ಗಲ್ಲ ಕಂಡಿತು. ದವಡೆಯ ಮೂಲೆಗೆ ಬಂದಾಗ ಬೆರಳು ಜಾರಿ, ಬ್ಲೇಡಿನ ತುದಿ ಚರ್ಮಕ್ಕೆ ನಾಟಿತು.

ಅವನ ಎಡಗೈ ತಾನಾಗಿಯೇ ಪಕ್ಕದ ಬಟ್ಟಲಿಗೆ ಹೋಗಿ, ರಕ್ತ ನಿಲ್ಲಿಸುವ ಪಟಕದ ತುಂಡನ್ನು ಎತ್ತಿಕೊಂಡಿತು. ನೀರಿನಲ್ಲಿ ಅದ್ದಿ, ಹಿಡಿದುಕೊಂಡು ಕಾದ.

ಗೀರಿನಲ್ಲಿ ರಕ್ತ ಕಾಣಿಸಲಿಲ್ಲ. ಬಿಳಿಯ ಸಣ್ಣ ಗೆರೆ, ಅಷ್ಟೇ.

ಆದರೂ ಜಗದೀಶ ಪಟಕವನ್ನು ಅಲ್ಲಿಗೆ ಒತ್ತಿದ. ಒತ್ತಿ ಹಿಡಿದುಕೊಂಡೇ ನಿಂತ. ಪಟಕದ ನೀರು ಅವನ ಬೆರಳ ಸಂದಿಯಿಂದ ಅಪ್ಪನ ಕುತ್ತಿಗೆಗೆ ಇಳಿಯುತ್ತಿತ್ತು.